ನಾಲ್ಕನೆಯವರು ಬೇಕಾಗಿದ್ದಾರೆ: ಬೀದಿಯ ಹಿರಿಯರಿಗೊಂದು ಚೌಕಾಬಾರ ಕೂಟ

ನಿವೃತ್ತರಾದ ಅಪ್ಪನಿಗೆ, ಒಬ್ಬರೇ ಆದ ಅಮ್ಮನಿಗೆ ಹೊತ್ತು ಹೋಗಲು ಏನು ಮಾಡಬೇಕು ಎಂಬ ಚಿಂತೆ ಈಗ ಬಹಳ ಮನೆಗಳಲ್ಲಿದೆ. ಮಕ್ಕಳು ದೊಡ್ಡ ಟಿ.ವಿ. ತಂದು ಗೋಡೆಗೆ ಹಾಕಿಸುತ್ತಾರೆ. ಸ್ಮಾರ್ಟ್‌ಫೋನ್ ಕೊಡಿಸಿ ಪ್ರವಚನ ಹುಡುಕಿಕೊಡುತ್ತಾರೆ. ಯೋಗದ ತರಗತಿಗೆ ಹೆಸರು ಬರೆಸುತ್ತಾರೆ. ಒಂದೂ ಕೆಟ್ಟದ್ದಲ್ಲ. ಆದರೆ ಎದುರಿಗೆ ಯಾರು ಕೂತರೂ ಟಿ.ವಿ.ಗೆ ಒಂದೇ, ಒಬ್ಬರು ಬಾರದಿದ್ದರೂ ಯೋಗದ ತರಗತಿ ನಡೆದೇ ನಡೆಯುತ್ತದೆ. ಚೌಕಾಬಾರಕ್ಕೆ ನಾಲ್ಕು ಜನ ಬೇಕು. ಮೂವರು ಹಾಸು ಬಿಡಿಸಿಕೊಂಡು ಕೂತಿದ್ದಾರೆ ಎಂದು ಫೋನು ಬಂದರೆ, ಬೆಳಗಿನಿಂದ ಮಂಡಿನೋವು ಎನ್ನುತ್ತಿದ್ದವರೂ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ನನಗಾಗಿ ಯಾರೋ ಕಾಯುತ್ತಿದ್ದಾರೆ ಎನ್ನುವ ಸಂಗತಿ ನೌಕರಿಯ ಜೊತೆಗೆ, ಮಕ್ಕಳ ಶಾಲೆಯ ಜೊತೆಗೆ ಮುಗಿದುಹೋಗಿರುತ್ತದೆ. ಅದನ್ನು ವಾರಕ್ಕೆರಡು ಸಂಜೆಯಾದರೂ ವಾಪಸು ತರುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಆಟವೇ ಏಕೆ ಎಂದು ಕೇಳುವವರಿಗೆ ಒಂದು ಅಧ್ಯಯನವನ್ನು ತೋರಿಸಬಹುದು. 2003ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದದ್ದು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ವರ್ಷ ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದಾಗ ಓದುವವರು, ಮಣೆಯಾಟ ಆಡುವವರು, ವಾದ್ಯ ನುಡಿಸುವವರು, ನೃತ್ಯ ಮಾಡುವವರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡಿತು. ಇದನ್ನು ಹಿಡಿದು ‘ಚೌಕಾಬಾರ ಆಡಿದರೆ ಮರೆವು ಬರುವುದಿಲ್ಲ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಡಬೇಡಿ. ಮರೆವು ಒಳಗೊಳಗೇ ಶುರುವಾದವರು ಆಟದಿಂದ ಮೊದಲೇ ದೂರ ಸರಿದಿರಲೂಬಹುದು. ನನ್ನ ಮಟ್ಟಿಗೆ, ಆಡುವವರ ಮುಖ ನೋಡಿದರೆ ಸಾಕು, ಬೇರೆ ಸಮರ್ಥನೆ ಬೇಡ.

ಮೊದಲು ನಾಲ್ವರು

ಇಪ್ಪತ್ತು ಮಂದಿಯ ಸಂಘ ಕಟ್ಟಲು ಹೋಗಬೇಡಿ. ಬ್ಯಾನರು, ಉದ್ಘಾಟನೆ, ದೀಪ ಬೆಳಗುವುದು, ಅಧ್ಯಕ್ಷರ ಆಯ್ಕೆ ಇವೆಲ್ಲ ಶುರುವಾದರೆ ಆಟಕ್ಕೆ ಮೊದಲೇ ರಾಜಕೀಯ ಬಂದು ಕೂರುತ್ತದೆ. ನಾಲ್ವರು ಸಿಕ್ಕರೆ ಸಾಕು. ಐದನೆಯವರು ತಾವಾಗಿಯೇ ಬಂದು ಹಿಂದೆ ನಿಂತು ‘ಆ ಕಾಯಿ ನಡೆಸಿ, ಈ ಕಾಯಿ ನಡೆಸಿ’ ಎಂದು ಹೇಳತೊಡಗುತ್ತಾರೆ.

ಕರೆಯುವಾಗ ನೇರವಾಗಿ ಆ ಹಿರಿಯರನ್ನೇ ಕರೆಯಿರಿ, ಮಗನನ್ನೋ ಸೊಸೆಯನ್ನೋ ಕೇಳಬೇಡಿ. ಮಕ್ಕಳನ್ನು ಕೇಳಿದರೆ ‘ಅಯ್ಯೋ, ಅವರಿಗೆ ಆಗಲ್ಲ, ಮಂಡಿನೋವು’ ಎಂಬ ಉತ್ತರ ಬರುವುದೇ ಹೆಚ್ಚು. ಕರೆಯುವ ಮಾತೂ ಮುಖ್ಯ. ‘ಹಿರಿಯ ನಾಗರಿಕರಿಗೆ ಮನರಂಜನಾ ಕಾರ್ಯಕ್ರಮ ಇಟ್ಟಿದ್ದೇವೆ’ ಎಂದರೆ ಯಾರೂ ಬರುವುದಿಲ್ಲ. ‘ಒಂದು ಕೈ ಕಮ್ಮಿ ಇದೆ, ಬರ್ತೀರಾ?’ ಎಂದು ಕೇಳಿ. ಬೀದಿಯಲ್ಲಿ ಅವರನ್ನು ಮೊದಲಿನಿಂದ ಹೇಗೆ ಕರೆಯುತ್ತಿದ್ದರೋ ಹಾಗೆಯೇ ಕರೆಯಿರಿ: ಮೇಷ್ಟ್ರೇ, ಟೀಚರಮ್ಮ, ಪೋಸ್ಟ್‌ಮಾಸ್ಟರ್ರೇ, ಹೂವಿನ ಅಕ್ಕ. ಅರವತ್ತೆರಡರ ಹೆಂಗಸನ್ನು ಮೂವತ್ತರ ಯುವಕ ‘ಅಜ್ಜಿ’ ಎಂದು ಕರೆದು ಕುರ್ಚಿ ಎಳೆದುಕೊಟ್ಟರೆ, ಆಕೆ ಮಾರನೆಯ ಸಲ ಬಾರದಿದ್ದರೆ ಆಶ್ಚರ್ಯವಿಲ್ಲ.

ಗಂಡಸರಿಗೆ ಪಾರ್ಕಿನ ಬೆಂಚು, ಹೋಟೆಲಿನ ಮೂಲೆ, ಅರಳಿಕಟ್ಟೆ ಹೇಗೋ ಸಿಕ್ಕಿರುತ್ತವೆ. ಮನೆಯೊಳಗೇ ಉಳಿಯುವವರು ಹೆಂಗಸರು. ಚೌಕಾಬಾರವನ್ನು ಚೆನ್ನಾಗಿ ಬಲ್ಲವರೂ ಅವರೇ. ಹಾಗಾಗಿ ಮೊದಲ ನಾಲ್ವರಲ್ಲಿ ಇಬ್ಬರಾದರೂ ಹೆಂಗಸರಿರಲಿ. ಗಂಡಸರ ಗುಂಪಿಗೆ ಆಮೇಲೆ ಒಬ್ಬಿಬ್ಬರು ಹೆಂಗಸರನ್ನು ಸೇರಿಸಲು ಹೊರಟರೆ ಬಹಳ ಕಷ್ಟ.

ಜಾಗ ಮತ್ತು ಹೊತ್ತು

ಜಾಗ ಹುಡುಕುವಾಗ ಮೊದಲು ನೋಡಬೇಕಾದ್ದು ಶೌಚಾಲಯ. ರಕ್ತದೊತ್ತಡಕ್ಕೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರು, ಪ್ರಾಸ್ಟೇಟ್ ತೊಂದರೆ ಇರುವವರು, ಸಕ್ಕರೆ ಕಾಯಿಲೆಯವರು ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ, ಸುಮ್ಮನೆ ಬರುವುದನ್ನು ಬಿಡುತ್ತಾರೆ. ಹತ್ತಿರದಲ್ಲಿ, ಮೆಟ್ಟಿಲಿಲ್ಲದ ದಾರಿಯಲ್ಲಿ, ಜಾರದ ನೆಲದ ಶೌಚಾಲಯ ಇದ್ದರೆ ಉಳಿದದ್ದನ್ನು ಹೊಂದಿಸಿಕೊಳ್ಳಬಹುದು.

ಅಪಾರ್ಟ್‌ಮೆಂಟಿನ ಕೆಳಮಹಡಿಯ ಕೊಠಡಿ, ದೇವಸ್ಥಾನದ ಪಕ್ಕದ ಭಜನಾಮಂದಿರ, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಚೇರಿ, ಯಾರದಾದರೂ ಮನೆಯ ಅಗಲವಾದ ವರಾಂಡ, ಯಾವುದಾದರೂ ಆದೀತು. ಮನೆ ಎಂದಾದರೆ ಒಬ್ಬರ ಮನೆಯನ್ನೇ ಖಾಯಂ ಮಾಡಬೇಡಿ. ಆ ಮನೆಯ ಸೊಸೆಗೆ ವಾರಕ್ಕೆರಡು ಸಲ ಎಂಟು ಲೋಟ ಟೀ ಮಾಡುವ ಕೆಲಸ ಗಂಟುಬೀಳುತ್ತದೆ. ಎರಡನೆಯ ತಿಂಗಳಿಗೆ ಬಾಗಿಲು ತೆರೆಯುವ ರೀತಿಯೇ ಬೇರೆಯಾಗಿರುತ್ತದೆ.

ಕುರ್ಚಿಗೆ ಕೈ ಇರಬೇಕು, ಏಳುವಾಗ ಊರಿಕೊಳ್ಳಲು. ಬಾಗುವ ಪ್ಲಾಸ್ಟಿಕ್ ಕುರ್ಚಿ ಬೇಡ. ನೆಲದ ಮೇಲೆ ಚಾಪೆ ಹಾಸಿ ಸೀಮೆಸುಣ್ಣದಲ್ಲಿ ಮನೆ ಬರೆದು ಆಡುವುದೇ ಆಟದ ಮೂಲ ಸೊಗಸು, ನಿಜ. ಆದರೆ ನೆಲಕ್ಕೆ ಕೂತವರನ್ನು ಆಮೇಲೆ ಇಬ್ಬರು ಹಿಡಿದು ಎಬ್ಬಿಸಬೇಕಾಗುತ್ತದೆ. ಅದರ ಮುಜುಗರಕ್ಕೇ ಕೆಲವರು ಬರುವುದಿಲ್ಲ. ಮೇಜು ಊಟದ ಮೇಜಿನಷ್ಟು ಎತ್ತರವಿದ್ದರೆ ಸರಿ. ಬೆಳಕು ಮೇಜಿನ ಮೇಲೆ ಬೀಳಲಿ, ಕಣ್ಣಿಗೆ ಹೊಡೆಯದಿರಲಿ. ಕಿಟಕಿಗೆ ಬೆನ್ನು ಮಾಡಿ ಒಬ್ಬರು ಕೂತರೆ ಎದುರಿಗಿದ್ದವರಿಗೆ ಅವರ ಮುಖ ಕಾಣುವುದಿಲ್ಲ. ಕಿವಿ ಮಂದವಾದವರು ತುಟಿ ನೋಡಿಯೇ ಅರ್ಧ ಮಾತು ಹಿಡಿಯುತ್ತಾರೆ, ಆದ್ದರಿಂದ ಇದು ಸಣ್ಣ ಸಂಗತಿಯಲ್ಲ.

ಹೊತ್ತು ಸಂಜೆ ನಾಲ್ಕರಿಂದ ಐದೂವರೆ ಒಳ್ಳೆಯದು. ಅಷ್ಟು ಹೊತ್ತಿಗೆ ಊಟದ ನಂತರದ ನಿದ್ದೆ ಮುಗಿದಿರುತ್ತದೆ, ಮೊಮ್ಮಕ್ಕಳ ಶಾಲಾ ಬಸ್ಸು ಬಂದಿರುತ್ತದೆ. ಆರರ ನಂತರ ದೇವರ ದೀಪ, ಧಾರಾವಾಹಿ ಎರಡೂ ಶುರುವಾಗುತ್ತವೆ. ಧಾರಾವಾಹಿಯ ಎದುರು ನಿಮ್ಮ ಕೂಟ ಗೆಲ್ಲುವುದಿಲ್ಲ, ಪ್ರಯತ್ನಿಸಲೂ ಬೇಡಿ. ವಾರದಲ್ಲಿ ಎರಡು ದಿನ, ಪ್ರತಿ ವಾರವೂ ಅದೇ ದಿನ, ಅದೇ ಗಂಟೆ. ‘ಅನುಕೂಲ ನೋಡಿಕೊಂಡು ಸೇರೋಣ’ ಎಂದು ಬಿಟ್ಟರೆ ಯಾರೂ ಸೇರುವುದಿಲ್ಲ.

ಹಾಸು, ಕಾಯಿ, ಕವಡೆ

ಹಳೆಯ ಕಾಟನ್ ಪಂಚೆ ಅಥವಾ ದಪ್ಪ ಖಾದಿ ಬಟ್ಟೆಯಲ್ಲಿ ಹದಿನೆಂಟು ಇಂಚಿನ ಚೌಕ ಕತ್ತರಿಸಿ. ಸುತ್ತ ಒಂದೂವರೆ ಇಂಚು ಅಂಚು ಬಿಟ್ಟು, ಮೂರು ಮೂರು ಇಂಚಿನ ಮನೆಗಳನ್ನು ಅಡ್ಡಕ್ಕೆ ಐದು, ಉದ್ದಕ್ಕೆ ಐದು ಬರೆಯಿರಿ. ಒಟ್ಟು 25 ಮನೆ. ನಾಲ್ಕು ಬದಿಗಳ ನಡುವಿನ ಮನೆಗೆ ಮತ್ತು ಮಧ್ಯದ ಮನೆಗೆ ಮೂಲೆಯಿಂದ ಮೂಲೆಗೆ ಕತ್ತರಿ ಗೆರೆ ಎಳೆಯಿರಿ. ಇವು ಕಟ್ಟೆಗಳು. ಗೆರೆ ಕಪ್ಪು ದಾರದ ಹೊಲಿಗೆಯಾದರೆ ತೊಳೆದರೂ ಹೋಗುವುದಿಲ್ಲ, ಜೊತೆಗೆ ಬೆರಳಿಗೂ ಸಿಗುತ್ತದೆ. ಕಣ್ಣು ಮಂದವಾದವರು ಗೆರೆ ತಡವಿ ಮನೆ ಎಣಿಸಬಲ್ಲರು. ಹೊಲಿಗೆ ಬಲ್ಲ ಅಜ್ಜಿಯೊಬ್ಬರಿಗೆ ಈ ಕೆಲಸ ವಹಿಸಿದರೆ ಆಟ ಶುರುವಾಗುವ ಮೊದಲೇ ಒಬ್ಬರು ನಿಮ್ಮ ಕಡೆಯಾದಂತೆ.

ಅಂಗಡಿಯಲ್ಲಿ ಸಿಗುವ ಹಾಸುಗಳು ನೋಡಲು ಬಲು ಚೆಂದ, ಕಸೂತಿ, ಜರಿ, ಕಲಂಕಾರಿ ಎಲ್ಲ ಇರುತ್ತದೆ. ಆದರೆ ಚಿತ್ತಾರ ಹೆಚ್ಚಾದಷ್ಟೂ ಕಾಯಿ ಕಾಣುವುದಿಲ್ಲ. ಹಿರಿಯರಿಗೆ ಬೇಕಾದ್ದು ಬಿಳಿಯ ಮೇಲೆ ಕಪ್ಪು.

ಕಾಯಿಗಳಿಗೆ ಬಣ್ಣವನ್ನೊಂದೇ ನಂಬಬೇಡಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗಿ, ನೀಲಿಗೂ ಹಸಿರಿಗೂ ವ್ಯತ್ಯಾಸ ತಿಳಿಯುವುದು ಕಷ್ಟವಾಗುತ್ತದೆ. ಒಬ್ಬರಿಗೆ ದೊಡ್ಡ ಕೋಟಿನ ಗುಂಡಿ, ಒಬ್ಬರಿಗೆ ಒಂದು ರೂಪಾಯಿ ನಾಣ್ಯ, ಒಬ್ಬರಿಗೆ ಅಡಿಕೆ, ಒಬ್ಬರಿಗೆ ಬಾಟಲಿಯ ಮುಚ್ಚಳ ಕೊಟ್ಟರೆ ಆಕಾರದಿಂದಲೇ ಗೊತ್ತಾಗುತ್ತದೆ. ನಾವೆಲ್ಲ ಚಿಕ್ಕಂದಿನಲ್ಲಿ ಬಳೆಚೂರಿನಲ್ಲಿ ಆಡಿದ್ದೇವೆ, ಈಗ ಅದು ಬೇಡ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಸಣ್ಣ ಗಾಯವೂ ರಗಳೆ. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಕಾಯಿಗಳನ್ನು ತರಿಸಿ. ದುಂಡಗೆ, ಹಿಡಿಯಲು ಸಿಗುವಂತೆ ಇರುತ್ತವೆ.

ಗರ ಹಾಕಲು ನಾಲ್ಕು ಕವಡೆ. ಸಿಗದಿದ್ದರೆ ಹುಣಸೆಬೀಜವನ್ನು ಒರಟು ನೆಲಕ್ಕೆ ಉಜ್ಜಿ ಒಂದು ಬದಿ ಬಿಳಿ ಕಾಣುವಂತೆ ಮಾಡಿ. ಬೀಜ ಉಜ್ಜುವ ಕೆಲಸವನ್ನು ಮೊಮ್ಮಕ್ಕಳಿಗೆ ಕೊಡಬಹುದು, ಉಜ್ಜಿ ಬಿಸಿಯಾದ ಬೀಜವನ್ನು ಪಕ್ಕದವರ ಕೈಗೆ ತಾಗಿಸುವ ತುಂಟಾಟವನ್ನು ಯಾರೂ ಹೇಳಿಕೊಡಬೇಕಿಲ್ಲ.

ಆಟ ಮರೆತವರಿಗೆ

ಹಳೇ ಮೈಸೂರಿನ ಕಡೆ ಕಟ್ಟೆಮನೆ ಎಂದೂ ಕರೆಯುವ ಈ ಆಟ ಬಹಳ ಜನರಿಗೆ ಕೈಯಲ್ಲಿ ನೆನಪಿರುತ್ತದೆ, ಬಾಯಲ್ಲಿ ಹೇಳಲು ಬರುವುದಿಲ್ಲ. ನೆನಪಿಗಾಗಿ ಇಷ್ಟು:

ನಾಲ್ವರೂ ತಮ್ಮ ಎದುರಿನ ಕಟ್ಟೆಯಲ್ಲಿ ನಾಲ್ಕು ಕಾಯಿ ಇಟ್ಟುಕೊಳ್ಳುತ್ತಾರೆ. ಕವಡೆ ಹಾಕಿದಾಗ ಎಷ್ಟು ಅಂಗಾತ ಬಿದ್ದವೋ ಅಷ್ಟು ಗರ. ನಾಲ್ಕೂ ಅಂಗಾತವಾದರೆ ನಾಲ್ಕು, ಅದೇ ಚೌಕ. ನಾಲ್ಕೂ ಬೋರಲಾದರೆ ಎಂಟು, ಅದೇ ಬಾರ. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಗರ ಉಂಟು. ಕಾಯಿ ಹೊರಸುತ್ತಿನಲ್ಲಿ ಬಲಕ್ಕೆ ಹೊರಟು ಅಪ್ರದಕ್ಷಿಣವಾಗಿ ಸುತ್ತುತ್ತದೆ. ತನ್ನ ಕಟ್ಟೆಯ ಹಿಂದಿನ ಮನೆಗೆ ಬಂದ ಮೇಲೆ ಒಳಸುತ್ತಿಗೆ ತಿರುಗಿ, ಅಲ್ಲಿ ಪ್ರದಕ್ಷಿಣವಾಗಿ ನಡೆದು, ಕೊನೆಗೆ ನಡುಮನೆ ಸೇರಿ ಹಣ್ಣಾಗುತ್ತದೆ. ಹೊರಗೆ 15 ಹೆಜ್ಜೆ, ಒಳಗೆ ಎಂಟು, ಹಣ್ಣಿಗೊಂದು, ಹೀಗೆ ಒಂದು ಕಾಯಿಗೆ 24 ಹೆಜ್ಜೆ. ಎದುರಾಳಿಯ ಕಾಯಿ ಇರುವ ಮನೆಗೆ ಸರಿಯಾಗಿ ಬಂದು ಬಿದ್ದರೆ ಅದನ್ನು ಹೊಡೆಯಬಹುದು. ಹೊಡೆಸಿಕೊಂಡ ಕಾಯಿ ಮತ್ತೆ ಮೊದಲಿನಿಂದ ಹೊರಡಬೇಕು, ಹೊಡೆದವರಿಗೆ ಇನ್ನೊಂದು ಗರ. ಕಟ್ಟೆಯಲ್ಲಿರುವ ಕಾಯಿಯನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಬಹಳ ಕಡೆಯ ಕಟ್ಟಳೆ.

ಜಗಳಕ್ಕೊಂದು ಹಾಳೆ

ಮೊದಲ ದಿನವೇ ಜಗಳವಾಗುತ್ತದೆ. ಆಗಲೇಬೇಕು. ಮಂಡ್ಯದ ಮನೆಯಲ್ಲಿ ಕಲಿತವರು, ತುಮಕೂರಿನಲ್ಲಿ ಕಲಿತವರು, ಧಾರವಾಡದಿಂದ ಮಗನ ಮನೆಗೆ ಬಂದು ನೆಲೆಸಿದವರು ಒಂದೇ ಹಾಸಿನ ಸುತ್ತ ಕೂತಾಗ ಪ್ರತಿಯೊಬ್ಬರಿಗೂ ತಮ್ಮ ಅಜ್ಜಿ ಹೇಳಿಕೊಟ್ಟ ನಿಯಮವೇ ಸರಿ. ಮೊದಲ ಕಾಯಿ ಹೊರಡಲು ಚೌಕವೋ ಬಾರವೋ ಬೀಳಲೇಬೇಕೆ? ಒಬ್ಬರದೇ ಎರಡು ಕಾಯಿ ಒಂದು ಮನೆಯಲ್ಲಿ ಕೂತರೆ ಗಟ್ಟಿಯಾಯಿತೆ, ಆ ಜೋಡಿಯನ್ನು ಒಂಟಿ ಕಾಯಿ ಹೊಡೆಯಬಹುದೆ? ಮೂರು ಸಲ ಸಾಲಾಗಿ ಚೌಕ ಬಿದ್ದರೆ ಲೆಕ್ಕಕ್ಕುಂಟೊ ಇಲ್ಲವೊ? ಹಾಸಿನ ಆಚೆ ಉರುಳಿದ ಕವಡೆ, ಲೋಟಕ್ಕೆ ಒರಗಿ ಓರೆಯಾಗಿ ನಿಂತ ಕವಡೆ, ಇವಕ್ಕೇನು?

ಇವನ್ನು ನೀವು ತೀರ್ಮಾನಿಸಬೇಡಿ. ನಾಲ್ವರೂ ವಾದಿಸಲಿ, ಅರ್ಧ ಗಂಟೆ ಹೋದರೂ ಹೋಗಲಿ. ಆಮೇಲೆ ಒಪ್ಪಿದ್ದನ್ನು ಅವರಲ್ಲೇ ಅಕ್ಷರ ಚೆನ್ನಾಗಿರುವವರಿಂದ ದೊಡ್ಡದಾಗಿ ಒಂದು ಹಾಳೆಯಲ್ಲಿ ಬರೆಸಿ ಗೋಡೆಗೆ ಅಂಟಿಸಿ. ನಿವೃತ್ತ ಮೇಷ್ಟ್ರು ಸಿಕ್ಕರೆ ಹಾಳೆಗೆ ಕ್ರಮಸಂಖ್ಯೆ, ಉಪನಿಯಮ ಎಲ್ಲ ಬರುತ್ತದೆ. ಕಳ್ಳಾಟ ಆಡುವವರು ಇದ್ದೇ ಇರುತ್ತಾರೆ, ಮೂರಕ್ಕೆ ನಾಲ್ಕು ಮನೆ ನಡೆಸಿ ಮುಗ್ಧರಂತೆ ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ಹಿಡಿಯುವ ಕೆಲಸ ಎದುರಾಳಿಗಳದ್ದು. ಕೂಟ ನಡೆಸುವವರು ಕಂಡೂ ಕಾಣದಂತಿರುವುದು ಮೇಲು.

ಜಗಳದಲ್ಲಿ ತಡೆಯಬೇಕಾದ್ದು ಒಂದೇ, ಹಣದ ಪಣ. ‘ಸುಮ್ಮನೆ, ರುಚಿಗೆ ಐದು ರೂಪಾಯಿ’ ಎಂದು ಶುರುವಾದದ್ದು ಪಿಂಚಣಿಯವರನ್ನೂ ಪಿಂಚಣಿ ಇಲ್ಲದವರನ್ನೂ ಬೇರೆ ಬೇರೆ ಮಾಡುತ್ತದೆ. ಇಸ್ಪೀಟು ಬಂದ ಕಡೆ ಇದು ಬೇಗ ಬರುತ್ತದೆ. ಪಣ ಬೇಕೆಂದರೆ ಸೋತವರು ಒಂದು ಒಗಟು ಹೇಳಲಿ, ಇಲ್ಲವೆ ಮುಂದಿನ ಸಲ ಕಡಲೆಪುರಿ ತರಲಿ.

ಗಂಟೆ ಮೀರದ ಆಟ

ಪೂರ್ತಿ ಆಟ ಎಷ್ಟು ಹೊತ್ತಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ನಾಲ್ಕು ಕಾಯಿಗೆ ಒಬ್ಬರು 96 ಹೆಜ್ಜೆ ನಡೆಯಬೇಕು. ಬೀಜದ ಎರಡೂ ಬದಿ ಸಮನಾಗಿ ಬೀಳುತ್ತವೆ ಎಂದುಕೊಂಡರೆ ಒಂದು ಗರಕ್ಕೆ ಸರಾಸರಿ ಎರಡೂವರೆ. ಅಂದರೆ ಒಬ್ಬರಿಗೆ ಸುಮಾರು 38 ಗರ, ನಾಲ್ವರಿಗೆ 150. ಹೊಡೆಸಿಕೊಂಡ ಕಾಯಿ ಮತ್ತೆ ಹೊರಡುವುದು ಬೇರೆ, ನಡುವೆ ಮಾತು ಬೇರೆ. ಗಂಟೆ ಕಳೆದದ್ದೇ ತಿಳಿಯುವುದಿಲ್ಲ, ಎದ್ದಾಗ ಸೊಂಟಕ್ಕೆ ತಿಳಿಯುತ್ತದೆ.

ಆದ್ದರಿಂದ ತಲಾ ಎರಡೇ ಕಾಯಿ ಕೊಡಿ. ಆಟ ಅರ್ಧಕ್ಕೆ ಇಳಿಯುತ್ತದೆ, ಒಂದು ಸಂಜೆಗೆ ಎರಡು ಆಟವಾಗುತ್ತದೆ, ಮೊದಲನೆಯದರಲ್ಲಿ ಸೋತವರಿಗೆ ಎರಡನೆಯದು ಉಂಟು. ಹೊಸಬರು ಇರುವ ದಿನ ಹೊಡೆಯದೆಯೂ ಒಳಗೆ ಹೋಗಬಹುದು ಎಂದು ಸಡಿಲ ಬಿಡಿ. ಆರು ಜನ ಬಂದರೆ ಇಬ್ಬರನ್ನು ಕಾಯಿಸಬೇಡಿ, ಎರಡು ಬದಿಗಳಲ್ಲಿ ಇಬ್ಬಿಬ್ಬರು ಜೋಡಿಯಾಗಿ ಆಡಲಿ. ಒಬ್ಬರು ಕವಡೆ ಹಾಕುವುದು, ಇನ್ನೊಬ್ಬರು ಕಾಯಿ ನಡೆಸುವುದು.

ಎರಡು ಆಟದ ನಡುವೆ ಎಲ್ಲರೂ ಏಳಬೇಕು. ಇದನ್ನು ಗೋಡೆಯ ಹಾಳೆಯ ನಿಯಮಗಳಲ್ಲೇ ಸೇರಿಸಿ. ಕುರ್ಚಿಯ ಬೆನ್ನು ಹಿಡಿದು ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸುವುದು, ಸ್ವಲ್ಪ ಹೊತ್ತು ಒಂದೇ ಕಾಲ ಮೇಲೆ ನಿಲ್ಲುವುದು, ಆಮೇಲೆ ಅಂಗಳದಲ್ಲೊಂದು ಸುತ್ತು. 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಂಥ ವ್ಯಾಯಾಮ ಮಾಡಬೇಕು, ವಾರದಲ್ಲಿ ಮೂರು ದಿನವಾದರೂ ಸಮತೋಲನದ ಅಭ್ಯಾಸ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಚೌಕಾಬಾರ ಇದಕ್ಕೆ ಬದಲಿಯಾಗದು. ಆಟಕ್ಕೆಂದು ನಡೆದು ಬಂದು ನಡೆದು ಹೋದದ್ದು ಮಾತ್ರ ಲೆಕ್ಕಕ್ಕುಂಟು, ಹಾಗಾಗಿ ಎರಡು ಬೀದಿ ಆಚೆಯವರನ್ನು ಸ್ಕೂಟರಿನಲ್ಲಿ ಕರೆತರುವ ಉಪಕಾರ ಮಾಡಬೇಡಿ. ನಡೆಯಬಲ್ಲವರು ನಡೆಯಲಿ.

ಕೈ ನಡುಗುವವರು, ಮರೆಯುವವರು

ಕೈ ನಡುಕ ಇರುವವರು, ಬೆರಳ ಗಂಟುನೋವಿನವರು ಕವಡೆ ಹಾಕಲು ಹಿಂಜರಿಯುತ್ತಾರೆ. ಸ್ಟೀಲಿನ ಲೋಟದಲ್ಲಿ ಹಾಕಿ ಕುಲುಕಿ, ಅಂಚಿರುವ ತಟ್ಟೆಗೆ ಸುರಿಯಲಿ. ಒಬ್ಬರಿಗೆ ಮಾತ್ರ ಲೋಟ ಕೊಟ್ಟರೆ ಅವರಿಗೆ ಕಸಿವಿಸಿ, ಎಲ್ಲರಿಗೂ ಅದೇ ಲೋಟ ಎಂದರೆ ಅದೇ ಆಟದ ಪದ್ಧತಿಯಾಗುತ್ತದೆ. ತಟ್ಟೆಯೊಳಗೆ ಒಂದು ತುಂಡು ಬಟ್ಟೆ ಹಾಸಿ, ಇಲ್ಲದಿದ್ದರೆ ಶ್ರವಣ ಯಂತ್ರ ಹಾಕಿಕೊಂಡವರ ಕಿವಿಗೆ ಆ ಠಣಠಣ ಚುಚ್ಚುತ್ತದೆ.

ಕಿವಿ ಕೇಳದವರಿಗೆ ಗರವನ್ನು ಬೆರಳಲ್ಲಿ ತೋರಿಸಿ. ಕಿರುಚಿದರೆ ಧ್ವನಿ ದೊಡ್ಡದಾಗುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. ಫ್ಯಾನಿನ ವೇಗ ತಗ್ಗಿಸಿ, ಪಕ್ಕದ ಕೋಣೆಯ ಟಿ.ವಿ. ಆರಿಸಿ.

ಮರೆವು ಶುರುವಾದವರನ್ನು ಬಿಡಬೇಡಿ. ಬೆಳಿಗ್ಗೆ ತಿಂಡಿ ತಿಂದದ್ದು ನೆನಪಿರದವರಿಗೂ ಏಳನೆಯ ವಯಸ್ಸಿನಲ್ಲಿ ಕಲಿತ ಆಟ ನೆನಪಿರುವುದುಂಟು. ಅವರನ್ನು ಜೋಡಿಯಲ್ಲಿ ಕೂರಿಸಿ, ಕವಡೆ ಹಾಕುವುದು, ಎಣಿಸಿ ಹೇಳುವುದು ಅವರ ಪಾಲಿಗಿರಲಿ. ‘ಆಗಲೇ ಹೇಳಿದೆನಲ್ಲ’ ಎಂಬ ಮಾತು ಮೇಜಿನ ಸುತ್ತ ಯಾರ ಬಾಯಲ್ಲೂ ಬರಬಾರದು. ಅವರ ಸರದಿ ಬಂದಾಗ ಹೆಸರು ಹಿಡಿದು ‘ನಿಮ್ಮ ಗರ’ ಎಂದರೆ ಆಯಿತು. ಒಂದು ದಿನ ಅವರಿಗೆ ಆಟ ಬೇಡವೆನಿಸಿದರೆ, ಕಾಯಿಗಳನ್ನು ಬಣ್ಣವಾರು ಬೇರೆ ಮಾಡುತ್ತಾ ಕೂತಿರಲಿ, ಒತ್ತಾಯ ಬೇಡ.

ಟೀ ಹೊತ್ತು

ಇನ್ಸುಲಿನ್ ಚುಚ್ಚಿಕೊಳ್ಳುವವರು ಆಟದ ಗುಂಗಿನಲ್ಲಿ ತಿನ್ನುವ ಹೊತ್ತು ಮೀರಿಸಬಾರದು. ಯಾರಾದರೂ ಇದ್ದಕ್ಕಿದ್ದಂತೆ ಬೆವರಿ, ಕೈ ನಡುಗಿ, ಮಾತು ತೊದಲಿದರೆ, ಎಚ್ಚರವಿದ್ದು ನುಂಗಬಲ್ಲರಾದರೆ ಕೂಡಲೇ ಸಕ್ಕರೆ ನೀರೋ ಗ್ಲೂಕೋಸೋ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನು ಮಾಡಿ. ಮುಖ ಒಂದು ಬದಿಗೆ ಜೋತರೆ, ಒಂದು ಕೈ ಎತ್ತಲಾಗದಿದ್ದರೆ ಸಕ್ಕರೆಯ ಪ್ರಯೋಗದಲ್ಲಿ ಹೊತ್ತು ಕಳೆಯಬೇಡಿ, ಅದು ಪಾರ್ಶ್ವವಾಯು ಇರಬಹುದು. ಆಟದ ಪೆಟ್ಟಿಗೆಯ ಮುಚ್ಚಳದ ಒಳಗೆ ಪ್ರತಿಯೊಬ್ಬರ ಮನೆಯವರ ಫೋನ್ ನಂಬರು, ಮುಖ್ಯ ಕಾಯಿಲೆ, ಮಾತ್ರೆಯ ಹೆಸರು ಬರೆದು ಅಂಟಿಸಿರಿ.

ತಿನ್ನಲು ಹುರಿಗಡಲೆ, ಕಡಲೆಪುರಿ, ಹಲ್ಲಿಲ್ಲದವರಿಗೆ ಬಾಳೆಹಣ್ಣು, ಬೇಸಿಗೆಯಲ್ಲಿ ಮಜ್ಜಿಗೆ. ಟೀಗೆ ಸಕ್ಕರೆ ಬೇರೆ ಇಡಿ. ಲೋಟ ಎಲ್ಲರಿಗೂ ಒಂದೇ ಬಗೆಯದಿರಲಿ. ಕೆಲವು ಊರುಗಳಲ್ಲಿ ಈ ಮಾತನ್ನು ಇನ್ನೂ ಹೇಳಬೇಕಾಗಿದೆ.

ನಾಲ್ಕಾರು ವಾರ ಕಳೆದ ಮೇಲೆ ಆಟದ ನಡುವೆ ಬೇರೆ ಮಾತುಗಳೂ ಬರುತ್ತವೆ. ಮನೆಯಲ್ಲಿ ಊಟ ಹಾಕುವುದಿಲ್ಲ, ಪಾಸ್‌ಬುಕ್ ಕಿತ್ತಿಟ್ಟುಕೊಂಡಿದ್ದಾರೆ ಎಂಬಂಥವು. ಅಂಥದ್ದನ್ನು ಬೀದಿಯ ಸುದ್ದಿ ಮಾಡಬೇಡಿ, ಮಗನ ಮನೆಗೆ ನ್ಯಾಯ ಹೇಳಲೂ ಹೋಗಬೇಡಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕಾಯ್ದೆ ಇದೆ. ಅವರು ಬಯಸಿದರೆ ನಂಬರು ಒತ್ತಿಕೊಡಿ.

ಚೌಕಾಬಾರ ಸಾಕೆನಿಸಿದಾಗ

ಬೇರೆ ಆಟಗಳೂ ಇವೆ. ಅಧಿಕಾರ ಹೋದ ಮೇಲೆ ಅವುಗಳಲ್ಲಿ ಮನಸ್ಸಿಡುವುದಕ್ಕೆ ಮೈಸೂರಿನಲ್ಲೇ ಒಂದು ಮೇಲ್ಪಂಕ್ತಿ ಇದೆ. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡಾಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇನ್ನೂ ನಲವತ್ತೂ ಆಗಿರಲಿಲ್ಲ. 1868ರಲ್ಲಿ ತೀರಿಕೊಳ್ಳುವವರೆಗೂ ಸಾಹಿತ್ಯ, ಕಲೆಗಳ ಜೊತೆಗೆ ಅವರು ಆಟಗಳಲ್ಲೂ ಮನಸ್ಸಿಟ್ಟರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಮಣೆಯಾಟ, ಗಂಜೀಫಾ ಎಂಬ ಆಟದ ಎಲೆಗಳಿಗೇ ಮೀಸಲು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಲೆಕ್ಕದಲ್ಲಿ ಅವರಿಗೆ ವಿಶೇಷ ಆಸಕ್ತಿ ಇತ್ತು. ಒಂಟಿಯಾಗಿ ಕೂರಲು ಇಷ್ಟಪಡುವ ಹಿರಿಯರಿಗೆ ಈ ಕುದುರೆ ಲೆಕ್ಕ ಕೊಟ್ಟು ನೋಡಿ, ಪೆನ್ಸಿಲು ಬಿಡುವುದಿಲ್ಲ. ಹಳೆಯ ಆಟಗಳನ್ನು ಮತ್ತೆ ಜನರ ಕೈಗೆ ತರುವ ಕೆಲಸವನ್ನು ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಮಾಡುತ್ತಾ ಬಂದಿದೆ. ಮಣೆ, ಹಾಸುಗಳನ್ನು ಅಲ್ಲಿ ನೋಡಿ ಬರಬಹುದು.

ಇಬ್ಬರೇ ಬಂದ ದಿನಕ್ಕೆ ಅಳಗುಳಿಮಣೆ ಇಟ್ಟುಕೊಳ್ಳಿ. ಏಳೇಳು ಗುಳಿಯ ಎರಡು ಸಾಲು, ಗುಳಿಗೆ ನಾಲ್ಕೋ ಐದೋ ಬೀಜ. ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗುವುದು. ಕೈ ಖಾಲಿಯಾದಾಗ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಸುವುದು. ಮುಂದಿನದು ಖಾಲಿ ಇದ್ದರೆ ಅದರಾಚೆಯ ಗುಳಿಯಲ್ಲಿದ್ದದ್ದು ನಿಮ್ಮದು. ತುಳುನಾಡಿನವರಿಗೆ ಇದು ಚೆನ್ನೆಮಣೆ, ಜಡಿಮಳೆಯ ಆಟಿ ತಿಂಗಳ ಆಟ. ಬೆರಳ ತುದಿಯಲ್ಲಿ ಬೀಜ ಎತ್ತಿ ಬಿಡುವುದು ಕೈಗೆ ಒಳ್ಳೆಯ ಕಸರತ್ತೂ ಹೌದು. ಒಂದು ಎಚ್ಚರಿಕೆ: ನೋಡಲು ಮುದ್ದಾಗಿದೆ ಎಂದು ಗುಲಗಂಜಿ ಬಳಸಬೇಡಿ. ಆ ಬೀಜ ವಿಷ. ಅಗಿದು ನುಂಗಿದರೆ ಪ್ರಾಣಕ್ಕೇ ಕುತ್ತು. ಮೊಮ್ಮಕ್ಕಳು ಓಡಾಡುವ, ಮರೆವಿನವರು ಕೂರುವ ಜಾಗದಲ್ಲಿ ಅದು ಇರಲೇಬಾರದು. ಹುಣಸೆಬೀಜ, ಕವಡೆ ಸಾಕು.

ತಲೆಗೆ ಕೆಲಸ ಬೇಕೆನ್ನುವವರಿಗೆ ಹುಲಿ-ಕುರಿ ಆಟ: ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯನ್ನು ಹಾರಿ ತಿನ್ನಬೇಕು, ಕುರಿಗಳು ಹುಲಿಗೆ ದಾರಿ ಇಲ್ಲದಂತೆ ಮುತ್ತಬೇಕು. ಇದರಲ್ಲಿ ಕವಡೆ ಇಲ್ಲ, ಅದೃಷ್ಟದ ಮೇಲೆ ಸೋಲು ಹಾಕುವಂತಿಲ್ಲ. ಹಂಪಿಗೆ ಹೋದವರು ಮಂಟಪಗಳ ಕಲ್ಲುಹಾಸಿನಲ್ಲಿ ಇಂಥ ಆಟದ ಮನೆಗಳನ್ನು ಕೊರೆದಿರುವುದನ್ನು ನೋಡಿರುತ್ತೀರಿ. ಪದಬಂಧ, ಅಂತ್ಯಾಕ್ಷರಿ, ಹಳೆಯ ಚಿತ್ರಗೀತೆ, ಕೈತೋಟ ಇವೂ ಇವೆ, ಬೇಕೆನಿಸಿದಾಗ ಅವರೇ ಸೇರಿಸಿಕೊಳ್ಳುತ್ತಾರೆ.

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ತಿಂಗಳುಗಟ್ಟಲೆ ಇರುವವರು ಬಟ್ಟೆಯ ಹಾಸನ್ನೊಂದು ಮಡಿಚಿ ಸೂಟ್‌ಕೇಸಿಗೆ ಹಾಕಿಕೊಳ್ಳಲಿ. ಸಾಂಬಾರು ಪುಡಿಗಿಂತ ಹಗುರ, ಕಸ್ಟಮ್ಸಿನವರ ಪ್ರಶ್ನೆಯೂ ಇಲ್ಲ. ಮಗಳೂ ಅಳಿಯನೂ ಕೆಲಸಕ್ಕೆ ಹೋದ ಹಗಲುಗಳು ಅಲ್ಲಿ ಬಹಳ ಉದ್ದ. ಊರಿನ ಕನ್ನಡ ಕೂಟದಲ್ಲಿ ವಿಚಾರಿಸಿದರೆ ಅದೇ ಸ್ಥಿತಿಯಲ್ಲಿರುವ ಇನ್ನೂ ಮೂವರು ತಂದೆ ತಾಯಂದಿರು ಸಿಗುವ ಸಾಧ್ಯತೆ ಹೆಚ್ಚು.

ಪೆಟ್ಟಿಗೆ ಯಾರ ಬಳಿ?

ಶುರು ಮಾಡಿದವರು ಮೂರು ತಿಂಗಳೊಳಗೆ ಹಿಂದೆ ಸರಿಯಬೇಕು. ಆಟದ ಪೆಟ್ಟಿಗೆ, ಕೊಠಡಿಯ ಬೀಗದ ಕೈ, ಟೀ ದುಡ್ಡಿನ ಲೆಕ್ಕ ಆಡುವವರ ಬಳಿಯೇ ಹೋಗಲಿ. ತಿಂಗಳಿಗೊಬ್ಬರಂತೆ ಸರದಿ. ಪೆಟ್ಟಿಗೆ ಇಟ್ಟುಕೊಂಡವರಿಗೆ ಒಂದೇ ಹೆಚ್ಚಿನ ಕೆಲಸ: ಅಂದು ಬಾರದವರಿಗೆ ಮಾರನೆಯ ಬೆಳಿಗ್ಗೆಯೊಳಗೆ ಫೋನು ಮಾಡುವುದು. ಮಕ್ಕಳು ಮಾಡಿಕೊಟ್ಟ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಏಕೆ ಬರಲಿಲ್ಲ’ ಎಂದು ಹಾಕಿದರೆ ಶುಭೋದಯದ ಹೂಗಳ ನಡುವೆ ಅದು ಕಳೆದುಹೋಗುತ್ತದೆ. ಫೋನೇ ಆಗಬೇಕು. ಒಬ್ಬರೇ ವಾಸಿಸುವವರು ಸ್ನಾನದ ಮನೆಯಲ್ಲಿ ಬಿದ್ದಿದ್ದರೆ ಮೊದಲು ತಿಳಿಯುವುದೂ ಹೀಗೆಯೇ. ಎರಡು ಸಲ ಮಾಡಿದರೂ ಎತ್ತದಿದ್ದರೆ ಯಾರಾದರೂ ಮನೆಗೆ ಹೋಗಿ ನೋಡಿ ಬನ್ನಿ.

ಸೊಂಟ ಮುರಿದೋ ಬೇರೆ ಕಾರಣಕ್ಕೋ ಹಾಸಿಗೆ ಹಿಡಿದವರಿಗೆ ಆಟವನ್ನೇ ಒಯ್ಯಬೇಕು. ಬಟ್ಟೆಯ ಹಾಸು ಹಾಸಿಗೆಯ ಮೇಲೆ ಮುದುರಿ ಕಾಯಿಗಳು ಜಾರುತ್ತವೆ. ಅಗಲವಾದ ಕಬ್ಬಿಣದ ಟ್ರೇ ಒಂದರಲ್ಲಿ ಬಣ್ಣದಿಂದ 25 ಮನೆ ಬರೆದು, ಕಾಯಿಗಳ ತಳಕ್ಕೆ ಸಣ್ಣ ಅಯಸ್ಕಾಂತದ ಬಿಲ್ಲೆ ಗಟ್ಟಿಯಾಗಿ ಅಂಟಿಸಿಕೊಳ್ಳಿ. ಸ್ಟೀಲಿನ ತಟ್ಟೆಗಳಲ್ಲಿ ಎಲ್ಲಕ್ಕೂ ಅಯಸ್ಕಾಂತ ಹಿಡಿಯುವುದಿಲ್ಲ, ಕೊಳ್ಳುವಾಗ ಅಂಗಡಿಯಲ್ಲೇ ಒಂದು ಬಿಲ್ಲೆ ಇಟ್ಟು ನೋಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರ ಬಳಿ ಈ ಟ್ರೇ ಬೇಡ, ಅವರಿಗೆ ರಟ್ಟಿನ ಮೇಲೆ ಒರಟು ಬಟ್ಟೆ ಅಂಟಿಸಿದ ಹಾಸು ಸಾಕು. ಟ್ರೇಯನ್ನು ಮಲಗಿದವರ ತೊಡೆಯ ಮೇಲೆ ಇಡದೆ, ಪಕ್ಕದಲ್ಲಿ ದಿಂಬಿನ ಮೇಲೆ ಸ್ವಲ್ಪ ಓರೆಯಾಗಿಡಿ. ಇಬ್ಬರು ಮಂಚದ ಆ ಕಡೆ ಕೂರಲಿ, ಒಬ್ಬರು ಈ ಕಡೆ. ಅರ್ಧ ಗಂಟೆ ಮೀರಿಸಬೇಡಿ, ಉಳಿದ ಆಟದ ಕಾಯಿಗಳನ್ನು ಟ್ರೇಯಲ್ಲಿ ಹಾಗೇ ಬಿಟ್ಟು ಬನ್ನಿ, ಮುಂದಿನ ಸಲ ಅಲ್ಲಿಂದಲೇ ಶುರು.